ಸೀನು ಒಂದೂ ಹೋಗಬಾರದು

…ಹಂಗ ಹಿಡೀಬ್ಯಾಡವಾ ಶೇಖವ್ವಾ, ಅದೇನ್ ರೊಟ್ಟಿ ಅಲ್ಲ. ಅಂಚು ಹಿಡಿ, ಅಂಚು. ನಡು ಮುಟ್ಟಿದ್ರ ಬೆರಳಿನ ಕಲಿ ಬೀಳತೈತಿ, ಆಮ್ಯಾಲ ಹೀರೋ ಅರ್ಧ ಮಾತಿನ್ಯಾಗ ನಿಂತು ಬಿಕ್ಕಳಸ್ತಾನ. ಹ್ಞಾಂ, ಹಂಗ. ಮಾರಿ ಕಾಣಸ್ತೈತೇನು ಅದರಾಗ? ಹದಿಮೂರು ವರ್ಷ ಆತು ನಾ ಈ ಸ್ಟೇಷನ್ ರೋಡಿನ್ಯಾಗ ವಿಡಿಯೋ ಲೈಬ್ರರಿ ಇಟ್ಟು. ಒಂದು ಕ್ಯಾಸೆಟ್‌ನ್ಯಾಗರ ಯಾರಿಗರ ಮಾರಿ ಕಂಡೈತೇನು? ಇದಕ್ಕ ಸಿಡಿ ಅಂತಾರ. ಪಿಚ್ಚರ ನೋಡು, ಬೋರ್ ಆತಂದ್ರ ತಲಿ ಬಾಚ್ಕೋ.

ಯಾಕ ನಗತಿ? ಖರೇನ ಹೇಳಾಕತ್ತೇನಿ.

ಕುಂದ್ರು, ಆ ಖುರ್ಚಿ ಮ್ಯಾಲ ಕುಂದ್ರು. ಚಾ ತಗೋ. ಹ್ಞೂಂ, ಇವತ್ತ ಮೊದಲ ತರಸಿ ಇಟ್ಟೇನಿ… ಪ್ರತೀ ಸಲ ನೀ ಬಂದಾಗ ನಾ ಚಾ ತರಾಕ ಹೋಗೋದು, ನೀ ಒಬ್ಬಾಕೀನ ಕುಂದ್ರೋದು. ಚಲೋ ಕಾಣಂಗಿಲ್ಲ. ಇವತ್ತ ಇಬ್ಬರೂ ಕೂಡೇ ನೋಡೂಣು.

ಅಲ್ಲಿ ಯಾಕ ನೋಡಾಕತ್ತಿ? ಕಪಾಟಿನ್ಯಾಗ ಏನೈತಿ? ಆ ಜಾಗಾ ಖಾಲಿ ಐತಿ, ಹೌದು. ಆ ಕ್ಯಾಸೆಟ್ ಇಲ್ಲಿಲ್ಲ… ಐತಿ, ಬ್ಯಾರೇ ಕಡೆ ಐತಿ, ಹೇಳ್ತೇನಿ ತಡಿ. ಮೊದಲ ಬಾಕಿ ಕ್ಯಾಸೆಟ್ ಅವಸ್ಥಾ ನೋಡು. ಇದನ್ನ ಮೂಸಿ ನೋಡು. ಬೂಷ್ಟು! ನಾನೂರಾ ಅರವತ್ತು ಕ್ಯಾಸೆಟ್, ಎಲ್ಲಾ ಕಪ್ಪು-ಬಿಳುಪಿನ ಹಳೇ ಪಿಚ್ಚರ, ಎಲ್ಲಾದಕ್ಕೂ ಬೂಷ್ಟು. ಹೀರೋಯಿನ್ ಕೆನ್ನಿ ಮ್ಯಾಲ ಬೂಷ್ಟು, ಹನುಮಪ್ಪನ ಬಾಲಕ್ಕ ಬೂಷ್ಟು. ಮೊನ್ನೆ ಕುಮಾರಪಟ್ಟಣದ ಫ್ಯಾಕ್ಟರಿಯಿಂದ ಒಬ್ಬಂವ ಬಂದು, 'ದಾದಾಪೀರಣ್ಣ, ನಿನ್ನ ಪಿಚ್ಚರಿನ್ಯಾಗ ಯಾವಾಗಲೂ ಮಳಿ ಯಾಕ ಬರ್ತದ?' ಅಂದ. ಮಳಿ ಅಲ್ಲಪಾ, ರೀಲು ಸವದೈತಿ ಅಂದೆ. 'ಆತು, ಮಳಿ ನಿಂತ ಮ್ಯಾಲ ಬರ್ತೇನಿ' ಅಂತ ಹೋದ. ಇಂಥಾ ಮಂದಿ ಕೂಡ ಧಂದೆ ಮಾಡಬೇಕು ನಾ.

ಅದಕ್ಕ ವಿಚಾರ ಮಾಡೇನಿ, ಎಲ್ಲಾ ಸಿಡಿ ಮಾಡಸೋದು. ಹುಬ್ಬಳ್ಳಿಯೊಳಗ ಒಬ್ಬಂವ ಅದಾನ, ಕ್ಯಾಸೆಟ್ ಕೊಟ್ರ ಸಿಡಿ ಮಾಡಿ ಕೊಡ್ತಾನ. ಪಹಿಲೇ ಒಂದು ಮಾಡಸೇನಿ. ನೀ ನೋಡು. ನೀ ನೋಡಿ ಹ್ಞೂಂ ಅಂದ್ರ ಬಾಕಿ ನಾನೂರಾ ಅರವತ್ತೂ ನಾಳೆನ ಗಾಡಿಗೆ ಹಾಕ್ತೇನಿ. ನೀ ಬ್ಯಾಡ ಅಂದ್ರ ಬ್ಯಾಡ. ಬ್ಯಾರೇ ಯಾರನ್ನೂ ಕೇಳಂಗಿಲ್ಲ.

ಹೌದು. ನಿನ್ನ ಕೈಯಾಗ ಇದ್ದದ್ದು ಅದನ ಪಿಚ್ಚರ. ಅವ್ವ ಸಾಯೋ ಪಿಚ್ಚರ. ನಮ್ಮ 'ಸೀನೋ ಕ್ಯಾಸೆಟ್ಟು'.

ಹಿಂಗ್ಯಾಕ ಮಾರಿ ಗಂಟ ಹಾಕ್ಕೊಂಡಿ? ನನಗ ಗೊತ್ತಿಲ್ಲೇನು ನೀ ಬ್ಯಾಡಗಿಯಿಂದ ಬಸ್ ಹತ್ತಿ ವರ್ಷಕ್ಕೊಮ್ಮೆ ಯಾಕ ಬರ್ತಿ ಅಂತ? ಪಿಚ್ಚರ ನೋಡಾಕ ಅಲ್ಲ. ಬಿಸ್ಮಿಲ್ಲಾ ಸೀನೋದು ಕೇಳಾಕ. ಅಕಿ ನನಗ ಹೆಂಡ್ತಿ, ಖರೇ, ಆದ್ರ ದಿನಾ ಬ್ಯಾಡಗಿಗೆ ಹೋಗಿ ಗೋದಾಮಿನ್ಯಾಗ ನಿನ್ನ ಜೋಡಿ ಕುಂತು ಮೆಣಸಿನಕಾಯಿ ತೊಟ್ಟು ಬಿಡಸಿದ್ದ ಹೆಚ್ಚು. ನೀವಿಬ್ಬರೂ ಸೀರಿ ತುಂಬ ಖಾರ ಮೆತ್ತಗೊಂಡು ಸೀದಾ ಮ್ಯಾಟ್ನಿಗೆ ಹೋಗಿದ್ರಿ. ನೀವಿಬ್ಬರ ಅಷ್ಟ ಅಲ್ಲ, ಗೋದಾಮಿನ ಹೆಣ್ಣಮಕ್ಕಳು ಎಲ್ಲಾರೂ. ಫ್ಯಾನ್ ಹಾಕಿದ್ರು ನೋಡು, ಇಡೀ ಟಾಕೀಜ್ ಕೆಮ್ಮಾಕ ಹತ್ತಿತು. ಲಗ್ನದ ವಿಡಿಯೋ ತೆಗಿಯೋ ನಮ್ಮ ಶಾಬುದ್ದೀನಗ, ಆ ಕ್ಯಾಮೆರಾ ತಗೊಂಡು ಕಳ್ಳತನಲೇ ಪಿಚ್ಚರ ಹಿಡಕೊಂಡು ಬಾರಪಾ ಅಂದ್ರ, ಹೆಂಗಸರ ಕಟ್ಟಿ ಮ್ಯಾಲ ಕ್ಯಾಮೆರಾ ಇಟ್ಟು ಇಡೀ ಬ್ಯಾಡಗಿ ಕೆಮ್ಮು ತುಂಬಕೊಂಡು ಬಂದ. ಅವ್ವ ಸಾಯಾಕತ್ತಾಳ, ಮಗಾ ಅಳಾಕತ್ತಾನ, ಎಲ್ಲಾರೂ ಗಪ್… ಅಷ್ಟರಾಗ ಬಿಸ್ಮಿಲ್ಲಾ ಮೂರು ಸಲ ಸೀನು ಹೊಡದ್ಲು ನೋಡು! ಟಾಕೀಜಿಗೆ ಟಾಕೀಜ ನಕ್ಕಿತು. ಸಾಯೋ ಅವ್ವನೂ ನಕ್ಕಂಗ ಕಾಣತೈತಿ ಅಂತಾರ ಮಂದಿ.

ಅಕಿ ತೀರಿಕೊಂಡು ಎಂಟು ವರ್ಷ. ಫೋಟೋ ಎರಡು ಅದಾವು. ದನಿ ಅಂದ್ರ ಅದೊಂದ.

ನಾನೂ ಕೇಳ್ತೇನವಾ. ಪ್ರತೀ ಶುಕ್ರವಾರ ನಮಾಜ್ ಮುಗಿಸಿ ಬಂದು, ಶಟರ್ ಅರ್ಧಾ ಎಳದು, ಒಂದ ಸಲ ಕೇಳಿನ ಊಟಕ್ಕ ಹೋಗೋದು. ನಿನಗ ಹೇಳೇನಲ್ಲ ಹಿಂದ? ಹ್ಞೂಂ, ಹೇಳೇನಿ. ಬಾಯಿಪಾಠ ಆಗೈತಿ ನನಗ.

ಹಾಕಲಿ? ನೋಡು, ಈ ಸಿಡಿ ಪೆಟ್ಟಿಗಿ ಹಿಂಗ ಬಾಯಿ ತೆಗೀತೈತಿ, ನಾಲಿಗಿ ಮ್ಯಾಲ ಇಟ್ರ ನುಂಗತೈತಿ. ಬಂತು! ಏನ್ ಸ್ವಚ್ಛ ಅಲ್ಲ? ಅವ್ವನ ಸೀರಿ ಅಂಚು ಕಾಣತೈತಿ. ಹನ್ನೊಂದು ವರ್ಷ ನಾ ಅದನ್ನ ಬರೇ ಕರಿ ಸೀರಿ ಅಂತ ತಿಳಕೊಂಡಿದ್ದೆ.

ಯಾಕ ತಿರಗಿ ನನ್ನ ನೋಡ್ತಿ? ಟಿವಿ ನೋಡು.

ಹ್ಞಾಂ… ಇಲ್ಲೆ ಟಾಕೀಜಿನ್ಯಾಗ ಕುಂತಿದ್ದ ರಹಿಮಾನಸಾಬ ಕೆಮ್ಮತಿದ್ದ, ಹೌದು. ಈಗ ಕೇಳಸಲಿಲ್ಲ, ಅದೂ ಹೌದು. ಅದು ಸಣ್ಣ ಕೆಮ್ಮವಾ. ಸಿಡಿಯೊಳಗ ಸಣ್ಣ ಕೆಮ್ಮು ಹಿಡಿಯಂಗಿಲ್ಲಂತ, ದೊಡ್ಡವು ಅಷ್ಟ ಹಿಡಿತಾವಂತ. ಜಾಗಾ ಕಡಿಮಿ ಇರ್ತೈತಲ್ಲ, ಎಷ್ಟು ತೆಳ್ಳಗೈತಿ ನೋಡಿದೆಲ್ಲ. ಬಿಸ್ಮಿಲ್ಲಾಂದು ಏನ್ ಸಣ್ಣದಾ? ಅಕೀದು ಬಂದ ಬರ್ತೈತಿ. ನೀ ಮುಂದ ನೋಡು. ನಾ ಸ್ವಲ್ಪ ಹಿಂದ ಸರದು ಕುಂದ್ರತೇನಿ. ಚಸ್ಮಾ ಬದಲಾತು, ಹತ್ತರದ್ದು ಕಾಣಂಗಿಲ್ಲ ನನಗ.

ಏನಿಲ್ಲ. ಕೈಯಾಗ ಏನಿಲ್ಲ. ಕಾಗದದ ಪೊಟ್ಣ, ಅಡಕಿ ಐತಿ. ಮುಂದ ನೋಡವಾ ಅಂದ್ರ!

ಬಂತು ನೋಡು, ಬಂತು. ಅವ್ವ ಹಾಸಿಗಿ ಹಿಡದ್ಲು. ಮಗಾ ಬಂದ. ನೀರು ಕುಡಸ್ತಾನ. ಕಣ್ಣ ಮುಚ್ಚಿ ಕೇಳು ಶೇಖವ್ವಾ, ಕಣ್ಣ ಮುಚ್ಚಿದ್ರ ಇನ್ನೂ ಚಲೋ ಕೇಳತೈತಿ. ಮುಚ್ಚಿದ್ಯಾ? ಈಗ… ಈಗ…

ಹಾ… ಹಾಕ್ಷೀ! ಹಾಕ್ಷೀ! ಹಾ…

ಹಾಕ್ಷೀ! ಕೇಳ… ಹಾಕ್ಷೀ! ಕೇಳಿದೆಲ್ಲ ಮೂರು… ಹಾಕ್ಷೀ! ಇವು ಲೆಕ್ಕಕ್ಕಿಲ್ಲ, ಇವು ನನ್ನ… ಹಾಕ್ಷೀ! ತೋಬಾ ತೋಬಾ. ನೀರು, ಆ ತಂಬಿಗಿ ಇತ್ತಾಗ ಕೊಡವಾ.

ನಿಮ್ಮ ಬ್ಯಾಡಗಿ ಖಾರ ಇಷ್ಟು ಜೋರು ಇರ್ತೈತಿ ಅಂತ ಗೊತ್ತಿದ್ರ ಮೂಗಿಗೆ ಚಿಟಿಕಿ ಹಾಕ್ತಿದ್ದೆ, ಮುಷ್ಟಿ ಅಲ್ಲ. ಬೈಯಬ್ಯಾಡ. ಬೈ, ಬೈದ್ರೂ ನಡೀತೈತಿ.

ಆತು, ಹೇಳ್ತೇನಿ. ಸಿಡಿಯೊಳಗ ಸೀನು ಇಲ್ಲ. ಒಂದೂ ಇಲ್ಲ. ರಹಿಮಾನಸಾಬನ ಕೆಮ್ಮೂ ಇಲ್ಲ, ಅಕೀ ಸೀನೂ ಇಲ್ಲ. ಹುಬ್ಬಳ್ಳಿಯಂವಗ ನಾ ಫೋನಿನ್ಯಾಗ ಮೂರು ಸಲ ಹೇಳಿದೆ, ಬಾಕಿ ಏನರ ಆಗ್ಲಿ, ಸೀನು ಒಂದೂ ಹೋಗಬಾರದು ನೋಡಪಾ ಅಂತ. ಅಂವ 'ಒಂದ್ ಸೀನೂ ಹೋಗಂಗಿಲ್ಲರಿ, ನಿಶ್ಚಿಂತಿ ಇರ್ರಿ' ಅಂದ. ಖುಷಿ ಆತು ನನಗ. ಎಷ್ಟು ತಿಳವಳಿಕಿ ಮನಶಾ ಅಂದ್ಕೊಂಡೆ. ಅಂವ ಪಿಚ್ಚರಿನ ಸೀನು ತಿಳಕೊಂಡಿದ್ದ ಶೇಖವ್ವಾ, ನಾ ಮೂಗಿನ ಸೀನು ಹೇಳಿದ್ದೆ! ಹೋಗಿ ಕೇಳಿದ್ರ ಎದಿ ಉಬ್ಬಿಸಿ ಹೇಳ್ತಾನ, 'ನಿಮ್ಮ ಕ್ಯಾಸೆಟ್ ಭಾಳ ಖರಾಬ್ ಇತ್ತರಿ, ಬರೇ ಕೆಮ್ಮು. ಅದಕ್ಕ ಬ್ಯಾರೇ ಚಲೋ ಪ್ರಿಂಟ್ ಹುಡುಕಿ ಹಾಕೇನಿ. ಪೂರಾ ಪಿಚ್ಚರ, ಒಂದ್ ಸೀನೂ ಕಟ್ ಇಲ್ಲ.' ಮಾತಿನಂಗ ನಡಕೊಂಡಾನ, ಏನಂತ ಬೈಲಿ?

ಕ್ಯಾಸೆಟ್ಟಾ? ಅದನ್ನೂ ವಾಪಸ್ ಕೊಟ್ಟ. ಬೆನ್ನಿನ ಪ್ಲಾಸ್ಟಿಕ್ ಚೂರು ನಾ ಅವತ್ತ ಮುರದಿದ್ದೆ, ಅದರ ಮ್ಯಾಲ ಯಾರೂ ಬ್ಯಾರೇದು ತುಂಬಬಾರದು ಅಂತ. ಅಂವ ಆ ತೂತಿಗೆ ಅಂಟಪಟ್ಟಿ ಹಚ್ಚಿ ಯಾರದೋ ಲಗ್ನ ತುಂಬಿ ಕೊಟ್ಟಾನ. ಅಕ್ಷತಾ ಬೀಳಾಕತ್ತೈತಿ ಮೂರು ತಾಸು. ಮನ್ಯಾಗ ಟ್ರಂಕಿನ್ಯಾಗ ಇಟ್ಟೇನಿ. ಪೂರಾ ನೋಡಿದೆ, ಎಲ್ಲರ ಒಂದು ಚೂರು ಉಳದಿರತೈತೇನೋ ಅಂತ. ಇಲ್ಲ.

ಹಾಳಾಗಿ ಹೋಗು ಅನ್ನು. ಏನರ ಅನ್ನು.

ಏನ್ ಕೇಳಾಕತ್ತಿ? ಸೀನು ಮುಗದ್ವಲ್ಲ… ನನ್ನೂವೂ ಮುಗದ್ವು. ಮತ್ತ ಯಾಕ ಇನ್ನೂ ಟಿವಿಗೆ ಕಿವಿ ಕೊಟ್ಟು ಕುಂತಿ? ಇಲ್ಲ ಅಂತ ಹೇಳಿದೆಲ್ಲ. ಇನ್ನೇನು ಬರಬೇಕಾಗಿತ್ತು?

ಇನ್ನೇನರ ಇತ್ತಾ ಆಮ್ಯಾಲ?

ಶೇಖವ್ವಾ. ಹಂಗ ನೋಡಬ್ಯಾಡ ನನ್ನ. ಮಂದಿ ನಗೂದು, ಅಷ್ಟ. ಶಾಬುದ್ದೀನ ಹೇಳಿದ್ದೂ ಅಷ್ಟ, ಮೂರು ಸೀನು, ಆಮ್ಯಾಲ ನಗೂದು. ನಗೂವಿನ ನಡುವ ಏನರ…

ಅಕಿ ಮಾತಾಡಿದ್ಲಾ?

ಗೊತ್ತಿರಲಿಲ್ಲ ನನಗ. ಹೌದು… ಶುಕ್ರವಾರದ್ದು ಸುಳ್ಳು. ಒಂದ್ ಸಲನೂ ಕೇಳಿಲ್ಲ. ನೀ ಬಂದಾಗ ಚಾ ನೆಪ ಮಾಡಿ ಹೋಗ್ತಿದ್ದೆ, ಓಣಿ ತುದಿ ತನಕ ಹೋಗಿ ನಿಂದರತಿದ್ದೆ. ಗಿರಾಕಿ ಹಾಕು ಅಂದ್ರ ವಾಲ್ಯೂಮ್ ಬಂದ್ ಇಡತಿದ್ದೆ. ನಿನಗ ಗೊತ್ತಾತಲ್ಲ ಈಗ, ಹೇಳದ ಗೊತ್ತಾತು.

ಅಂದು ಕ್ಯಾಸೆಟ್ ಕೆಡಸಿದಿ ಅಂತ ಅಕಿ ಮ್ಯಾಲ ಹಾರ್‍ಯಾಡಿದ್ದೆ. ಒಂದು ವಾರ ಮಾತು ಬಿಟ್ಟಿದ್ದೆ. ಅಕಿ ನಗಕೋತ ಉಣ್ಣಾಕ ನೀಡತಿದ್ಲು, ನಾ ಗೋಡಿ ನೋಡಿಕೋತ ಉಣ್ಣತಿದ್ದೆ. ಆಮ್ಯಾಲ ಆ ಸೀನು ಎಂಥಾ ಬಾಯಲೇ ಕೇಳಲಿ… ಕಿವಿಲೇ. ಏನೋ ಒಂದು. ಮನಸಾಗಲಿಲ್ಲ. ಕಪಾಟಿನ್ಯಾಗ ಐತಿ, ಯಾವಾಗ ಬೇಕಾದ್ರೂ ಕೇಳಬಹುದು ಅಂತ ಧೈರ್ಯ ಇತ್ತು.

ಬಾಕಿ ಕ್ಯಾಸೆಟ್ ಎಲ್ಲಾ ಇಲ್ಲೇ ಇರ್ಲಿ ಬಿಡು. ಬೂಷ್ಟು ಹಿಡೀಲಿ. ಯಾವುದರಾಗ ಯಾರು ಸೀನ್ಯಾರೋ ಯಾರಿಗೆ ಗೊತ್ತು.

ನಗಾಕತ್ತೀಯೇನು, ಅಳಾಕತ್ತೀಯೇನು? ಸೆರಗು ತೆಗಿ ಮಾರಿ ಮ್ಯಾಲಿಂದ. ನನ್ನ ಸುದ್ದೀನ ಅಂದ್ಲಲ್ಲ ಅಕಿ? ಬೈದ್ಲಾ? ಬೈದಿದ್ರೂ ಹೇಳು. ನೀ ಬಾಜೂಕ ಕುಂತಿದ್ದಿ, ಈಗ ನಿನ್ನೊಬ್ಬಾಕಿ ಹತ್ತರ ಐತಿ ಅದು.

ತಡಿ. ಇದನ್ನ ಬಂದ್ ಮಾಡ್ತೇನಿ. ಫ್ಯಾನೂ ಬಂದ್ ಮಾಡ್ತೇನಿ.

ಹ್ಞೂಂ. ಈಗ ಹೇಳವಾ.