ಕಾಲಿದ್ದ ಗುಳ್ಳೆ

ಚರ್ಮದ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಗಡಿಯಾರ ರಿಪೇರಿಯವನ ಪಕ್ಕದಲ್ಲಿ, ಜಮೀನು ಅಳೆಯುವ ಸರ್ವೇಯರನೂ ಅವನ ಹೆಂಡತಿಯೂ ಬಂದು, ನಡುವೆ ಅವನ ಕೆಲಸದ ಚೀಲ ಇಟ್ಟುಕೊಂಡು ಕೂತರು. ಕೂತದ್ದೇ ತಡ, ಹೆಂಡತಿ ಶುರುವಿಟ್ಟುಕೊಂಡಳು.

“ನಾಲ್ಕು ದಿನ ನಿಮ್ಮ ಮಂಡಿ ಹಿಂದೆ ಗುಳ್ಳೆ ಅಂತ ಮುಲಾಮು ಹಚ್ಚಿದೀನಲ್ರೀ! ದಿನಾ ದಪ್ಪ ಆಗ್ತಾನೇ ಇತ್ತು.”

“ಹಣ್ಣಾಗ್ತಿದೆ, ಒಡೆಯುತ್ತೆ ಅಂತ ನೀನೇ ಅಂದೆ.”

“ಇವತ್ತು ನೋಡಿದ್ರೆ ಅದಕ್ಕೆ ಕಾಲಿದೆ! ಉಣ್ಣಿ ಹುಳ! ಥೂ, ಇದೇ ಬೆರಳಲ್ಲಿ ಹಿಟ್ಟು ನಾದಿದೀನಿ.”

“ಮೆಲ್ಲಗೆ ಮಾತಾಡೇ, ಜನ ಇದಾರೆ.”

“ಹುಲ್ಲಿಗೆ ಇಳಿಯೋವಾಗ ಪ್ಯಾಂಟನ್ನ ಕಾಲುಚೀಲದೊಳಗೆ ಸಿಕ್ಕಿಸ್ಕೊಳ್ಳಿ ಅಂತ ಬಡ್ಕೊಂಡೆ.”

“ಹಾಗೆ ಹೋದ್ರೆ ಅಳತೆ ಚೈನ್ ಹಿಡಿಯೋ ಆಳುಗಳು ನಗ್ತಾರೆ ಕಣೇ.”

“ಈಗ ಹುಳ ನಗ್ತಿದೆ, ನಿಮ್ಮ ರಕ್ತ ಕುಡ್ಕೊಂಡು.”

“ಕಿತ್ತು ಬಿಸಾಕ್ತೀನಿ ಅಂದ್ರೆ ಬಿಡ್ಲಿಲ್ಲ ನೀನು.”

“ಹಿಸುಕಿ ಎಳೆದ್ರೆ ಬಾಯಿ ಒಳಗೇ ಉಳಿಯುತ್ತಂತೆ. ಡಾಕ್ಟರೇ ಚಿಮುಟದಲ್ಲಿ ತೆಗೀಲಿ. ಅಂದ ಹಾಗೆ, ಈ ಚೀಲಾನೂ ಹುಲ್ಲಲ್ಲೇ ಇಟ್ಟಿದ್ರಾ?”

“ವಾರ ಪೂರ್ತಿ.”

“ಅಯ್ಯಯ್ಯೋ, ನನಗೆ ತಾಗಿಸ್ಬೇಡಿ! ಆ ಕಡೆ ಇಡ್ರೀ!”

ಗಡಿಯಾರದವನು ಸರಿಯುತ್ತ ಸರಿಯುತ್ತ ಬೆಂಚಿನ ತುದಿ ಮುಟ್ಟಿದ್ದ. ಅಷ್ಟರಲ್ಲಿ ನರ್ಸ್ ಕರೆದಳು. ಸರ್ವೇಯರ ಎದ್ದು, ಚೀಲವನ್ನು ಅವನ ತೊಡೆಯ ಮೇಲಿಟ್ಟು, ಬಹಳ ನಯವಾಗಿ ಹೇಳಿದ:

“ಸ್ವಲ್ಪ ನೋಡ್ಕೊಂಡಿರಿ ಅಣ್ಣ, ಈಗ ಬಂದ್ವಿ.”