ಪ್ಲಾತೋನ್ ಖರ್ಚಿಲಾವಾ ಒತ್ತದ ಹಸಿರು ಗುಂಡಿ

ಬರೆದು ತಂದ ಭಾಷಣದ ಜೊತೆಗಿದ್ದ ಒಂದು ಪುಟವನ್ನು ಕಾರಿನಲ್ಲೇ ಬಿಟ್ಟು ಈ ಶ್ರದ್ಧಾಂಜಲಿ ಸಭೆಯ ಒಳಗೆ ಬಂದಿದ್ದೆ. ಬೇಕೆಂದೇ. ನನ್ನ ಹೆಸರು ಕರೆಯುವ ಸ್ವಲ್ಪ ಮುಂಚೆ ಹೋಗಿ ತಂದೆ.

ಪ್ಲಾತೋನ್ ಅವರ ಪತ್ನಿ ತ್ಸಿಯಾಲಾ ಅವರೇ, ಅವರ ಮಕ್ಕಳೇ, ಸಂಸತ್ತಿನ ಹಿರಿಯರೇ, ಬಂಧುಗಳೇ — ನಮಸ್ಕಾರ. ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿರುವ ಮುಖಾಲೆತಿ ಹಳ್ಳಿಯ ಬೊಂದೋ ಅವರೇ, ನಿಮಗೂ. ಕುಳಿತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಕೇಳಿದ ಮೇಲೆ ನೀವೇ ನಿರ್ಧರಿಸಿ.

ಪ್ಲಾತೋನ್ ಅವರು ಹದಿನಾರು ವರ್ಷ ಸಂಸತ್ ಸದಸ್ಯರಾಗಿದ್ದರು. ಅವರು ತಂದ ಮಸೂದೆಗಳು, ಹಾಕಿಸಿದ ರಸ್ತೆ — ಎಲ್ಲವನ್ನೂ ಹಿಂದೆ ಮಾತಾಡಿದವರು ಹೇಳಿದರು. ಒಂದು ಮತದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಅಣೆಕಟ್ಟಿನ ಮತ. ಮುಖಾಲೆತಿಯನ್ನು ಮುಳುಗಿಸಿದ ಮತ.

ಹತ್ತೊಂಬತ್ತು ವರ್ಷದ ಹಿಂದೆ, ಆ ದಿನ, ಬೊಂದೋ ಅವರ ತಾಯಿಯ ಮಣ್ಣು. ಸಾವಿನೂಟಕ್ಕೆ ಪ್ಲಾತೋನ್ ಅವರೇ ಮೇಜಿನ ಯಜಮಾನ, ತಮಾದಾ. ಸತ್ತವರ ಹೆಸರಲ್ಲಿ ದ್ರಾಕ್ಷಾರಸದ ಕೊನೆಯ ಬಟ್ಟಲು ಎತ್ತುವವರೆಗೆ ತಮಾದಾ ಏಳುವಂತಿಲ್ಲ. ನಮ್ಮಲ್ಲಿ ಯಾರು ಏಳುತ್ತಾರೆ, ಹೇಳಿ? ಅದೇ ದಿನ ಸಂಸತ್ತಿನಲ್ಲಿ ಮತದಾನವನ್ನು ದಿಢೀರನೆ ಸಂಜೆಗೆ ಇಟ್ಟರು. ನಾನು ಸಂಸತ್ತಿಗೆ ಹೊಸಬಳು, ಅವರ ಪಕ್ಕದ ಕುರ್ಚಿ ನನ್ನದು. ಫೋನ್ ಮಾಡಿದೆ.

"ಬಾತೋನೋ ಪ್ಲಾತೋನ್, ಸಾರ್, ಈಗ್ಲೇ ಹೊರಟ್ರೆ ತಲುಪ್ತೀರಿ. ಎದ್ದು ಬನ್ನಿ!"

"ಹೇಗೆ ಏಳ್ಲಿ ಖಾತುನಾ? ಮುದುಕಿ ಹೆಸರಲ್ಲಿ ಇನ್ನೂ ಎರಡನೇ ಬಟ್ಟಲು. ಎದ್ರೆ ಬೊಂದೋ ನನ್ನನ್ನೂ ಅವಳ ಪಕ್ಕದಲ್ಲೇ ಹೂಳ್ತಾನೆ. ನನ್ನ ಮತ ಹಾಕೋ ಕಾರ್ಡು ಡ್ರಾಯರಲ್ಲಿದೆ. ನೀನೇ ಒತ್ಬಿಡು. ಕೆಂಪು. ಬೇಡ ಅಂತ. ಕೆಂಪು — ತಿಳೀತಾ?"

ತಿಳಿದಿತ್ತು. ಸಂಜೆ, ಅಣೆಕಟ್ಟು ಬೇಕೆಂದಿದ್ದ ನಮ್ಮ ಪಕ್ಷದ ನಾಯಕರು ಹಿಂದಿನ ಸಾಲಿನಿಂದ ಬಗ್ಗಿದರು. "ಏನಮ್ಮಾ, ಪಕ್ಕದ ಕುರ್ಚೀನೂ ನಮ್ಮದೇ ತಾನೇ?" ಅಷ್ಟೇ. ಬೆದರಿಸಲಿಲ್ಲ. ಬೆದರಿಸಿದ್ದರು ಎಂದು ಹೇಳಿಕೊಳ್ಳಲು ನನಗೂ ಆಸೆಯಿದೆ. ನಾನು ನಕ್ಕೆ — ಹೀಗೆ, ಸ್ವಲ್ಪವೇ — ಎರಡೂ ಕಡೆ ಹಸಿರು ಒತ್ತಿದೆ.

ಮಸೂದೆ ಹನ್ನೊಂದು ಮತಗಳಿಂದ ಗೆದ್ದಿತು. ನನ್ನೊಂದು ಬೆರಳು ನೀರನ್ನು ತಡೆಯುತ್ತಿರಲಿಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಆದರೆ ಪತ್ರಿಕೆಯಲ್ಲಿ ಹೆಸರುಗಳ ಪಟ್ಟಿ ಬಂತು. ಪ್ಲಾತೋನ್ ಖರ್ಚಿಲಾವಾ — ಪರ.

ಬೊಂದೋ ಅವರು ಈ ಊರಿನ ಸಂತೆಯಲ್ಲಿ ಅವರ ಕಾಲರ್ ಹಿಡಿದರು. "ನಮ್ಮಮ್ಮನ ಹೆಸರಲ್ಲಿ ನನ್ನ ದ್ರಾಕ್ಷಾರಸ ಕುಡಿದು, ಅವಳ ಹಸಿ ಗೋರಿ ಮೇಲೇ ನೀರು ಬಿಟ್ಯಲ್ಲೋ!" ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಪ್ಲಾತೋನ್ ಸುಮ್ಮನೆ ನಿಂತರು. ಅಂದಿನಿಂದ ಮುಖಾಲೆತಿಯವರು ಯಾವ ಮದುವೆಗೂ, ಯಾವ ಸಾವಿಗೂ ಅವರನ್ನು ಕರೆಯಲಿಲ್ಲ. ಮೇಜುಗಳ ತಲೆಯಲ್ಲಿ ಕೂತು ಬಾಳಿದ ಮನುಷ್ಯ, ಮನೆಯಲ್ಲಿ ಒಬ್ಬರೇ ಬಟ್ಟಲು ಎತ್ತುತ್ತಿದ್ದರು. ತ್ಸಿಯಾಲಾ ಅವರು ನೋಡಿದ್ದಾರೆ.

"ನಾನೇ ಒತ್ತಿದ್ದು ಅಂತ ಹೇಳ್ಬಿಡ್ಲಾ?" ಎಂದು ಒಮ್ಮೆ ಕೇಳಿದೆ. ಒಮ್ಮೆ ಮಾತ್ರ.

"ಕಾರ್ಡು ನಂದು. ಬಿಟ್ಟು ಹೋದೋನು ನಾನು. ಹೇಳಿದ್ರೆ ಇಬ್ರೂ ಹೋಗ್ತೀವಿ. ಸುಮ್ನಿರು."

ನನ್ನನ್ನು ಕಾಪಾಡಿದರೋ, ತಮ್ಮ ಕುರ್ಚಿಯನ್ನೋ? ಎರಡೂ ಇರಬಹುದು. ಅವರನ್ನು ಸಂತರನ್ನಾಗಿ ಮಾಡಲು ನಾನು ನಿಂತಿಲ್ಲ. ಆದರೆ ಅವರು ಹೇಳಿದ್ದು ಕೆಂಪು. ಕೆಂಪು, ಬೊಂದೋ ಅವರೇ. ಅವರು ಬದುಕಿದ್ದಾಗ ನಿಮಗೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಕಾರಿನಲ್ಲಿ ಬಿಟ್ಟಿದ್ದ ಪುಟ ಇದು. ಸಭಾಧ್ಯಕ್ಷರಿಗೆ ಬರೆದ ಪತ್ರ — ನಡೆದದ್ದು, ನನ್ನ ಸಹಿ, ನನ್ನ ರಾಜೀನಾಮೆ. ಅವರು ತೀರಿಕೊಂಡ ನಲವತ್ತನೆಯ ದಿನ ಕಳೆದ ಮೇಲೆ ಕಳಿಸೋಣ ಎಂದುಕೊಂಡಿದ್ದೆ. ಅದೂ ನೆಪವೇ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಬೊಂದೋ ಅವರೇ, ನೀವು ಆಗಲೇ ನಿಂತಿದ್ದೀರಿ. ಒಂದು ನಿಮಿಷ ಹೋಗಬೇಡಿ, ಅಷ್ಟು ಸಾಕು. ನಾವು ಮಾತಾಡದೆ ನಿಲ್ಲೋಣ. ಅವರು ಹತ್ತೊಂಬತ್ತು ವರ್ಷ ಹಾಗೆಯೇ ನಿಂತಿದ್ದರು.

ಇಂದು ಭಾನುವಾರ, ಅಂಚೆ ಕಚೇರಿ ಮುಚ್ಚಿದೆ. ಪತ್ರವನ್ನು ಹಾಕುವುದು ನಾಳೆ — ಸೋಮವಾರ, ನವೆಂಬರ್ ಹದಿನೆಂಟು.