ಕೊರಿಯಾದ ಥಂಡಿಗೆ ನಮ್ಮ ಉಣ್ಣಿ

ಅಲ್ಲಾ, ಕೊರಿಯಾ ಎಲ್ಲೈತಿ ಅಂತ ನನಗರ ಏನ ಗೊತ್ತಿತ್ತು? ಹತ್ತನೇ ಇಯತ್ತಾ ತನಕ ಸಾಲಿ ಕಲತಾಕಿ ಅಂತ ಹೆಸರು ಅಷ್ಟ. ಪುಸ್ತಕದ ನಕಾಶೆದಾಗ ಚೀನಾ ಇತ್ತು, ಜಪಾನ ಇತ್ತು, ನಡುವ ಒಂದ ಸಣ್ಣ ಬಾಲ ಜೋತಾಡತಿತ್ತು, ಅದರ ಹೆಸರ ಯಾವ ಮಾಸ್ತರನೂ ಹೇಳಿರಲಿಲ್ಲ. ಆ ಬಾಲ ಇಷ್ಟ ದೂರ ಬಂದು ಅಕ್ಕಲಕೋಟ ಮಗ್ಗಲದ ನಮ್ಮ ಕುರುಬರ ಹಟ್ಟಿಗೆ ಬಡಿತೈತಿ ಅಂತ ಯಾರಿಗೆ ಗೊತ್ತು? ಏ ಮಾಳ್ಯಾ, ಕಾಲ ಮಡಚಿ ಕೂಡು, ತಂಗಿನ್ನ ಒದಿಬ್ಯಾಡ. ಆಗ ನೀ ಇನ್ನೂ ಮೊಲಿ ಕುಡಿಯೂ ಕೂಸ, ಕಸ್ತೂರಿ ಹುಟ್ಟೇ ಇರಲಿಲ್ಲ. ನಮ್ಮಪ್ಪ ಹೋಟಗಿ ಟೇಶನದಾಗ ಗಾಡಿಗೆ ಹಸಿರ ನಿಶಾನಿ ತೋರಸಾಂವ. ನಿಮ್ಮ ಮುತ್ಯಾ ನನ್ನ ಸೊಸಿ ಮಾಡ್ಕೊಂಡಿದ್ದು ದೋಸ್ತನ ಮಗಳಂತ. ಅಲ್ಲಲ್ಲ, ಅದೂ ಖರೆ, ಆದ್ರ ಹಟ್ಟ್ಯಾಗ ಯಾರಿಗೂ ಓದಾಕ ಬರ್ತಿರಲಿಲ್ಲ, ಅದಕ್ಕೂ ಇರಬೇಕು. ಓದಾಕ ಬರೂ ಸೊಸಿನ್ನ ತಂದ್ರು ಖರೆ, ಓದಿ ಹೇಳಿದ್ದನ್ನ ಕೇಳೂದ ಬ್ಯಾರೆ, ಹೌದಲ್ಲೋ?

ಆಗ ಏನಿತ್ತಪಾ ಅಂದ್ರ, ಹಟ್ಟಿ ಮಂದಿ ಎಲ್ಲಾ ಕುರಿ ಮೈಮ್ಯಾಲಿನ ಕೂದಲ ಕತ್ತರಸಿದ ಮ್ಯಾಲ ಆ ಉಣ್ಣಿ ಮುತ್ಯಾನ ಮುಂದ ತಂದ ಇಡತಿದ್ರು. ಮೊದಲ ನಮ್ಮ ಕಂಬಳಿಗೆ ಬೇಕಾದಷ್ಟು ತಗದ ಇಟ್ಟು, ಉಳದಿದ್ದನ್ನ ಮುತ್ಯಾ ಸೊಲ್ಲಾಪುರಕ್ಕ ಒಯ್ದ ಮಾರಾಂವ. ಯಾರೂ ಒಂದ ಮಾತ ಕೇಳತಿರಲಿಲ್ಲ. ಹಟ್ಟಿ ಯಜಮಾನ ಅಂವ, ಹೇಳ್ಯಾನಂದ್ರ ಮುಗೀತು. ತಗೊಳ್ಳಾಂವ ನವಿ ಪೇಠದ ಒಬ್ಬ ಶೇಟ, ಉಣ್ಣಿ ಶೇಟ ಅಂತಿದ್ವಿ. ಅವನ ಅಂಗಡಿಗೆ ಹೋದ್ರ ಹೊರಗ ಬಾಗಲ ಪಾವಟಿಗಿ ಮ್ಯಾಲೇ ಕುಂಡ್ರಬೇಕು, ಕುರಿ ನಾತ ಒಳಗ ಬರಬಾರದಂತ. ಆ ವರ್ಷ ಏನಾತು, ಅದ ಶೇಟ ತಾನ ಮೋಟಾರ ಮಾಡ್ಕೊಂಡು ಹಟ್ಟಿಗೆ ಬಂದ, ಪೇಢೆ ಹಿಡಕೊಂಡು! ನಮ್ಮ ಕಂಬಳಿ ಮ್ಯಾಲ ಕುಂತ, ನಾ ತಟ್ಟಿದ ರೊಟ್ಟಿ ಮುರದು ಝುಣಕದ ಜೋಡಿ ಉಂಡ, "ಕಾಕಾ, ಇಂಥಾ ರೊಟ್ಟಿ ನಮ್ಮ ಮನ್ಯಾಗೂ ಇಲ್ಲ" ಅಂದ. ಕುರಿ ನಾತ ಅವತ್ತ ಅತ್ತರ ಆಗಿತ್ತು ನೋಡ್ರಿ.

"ಕಾಕಾ, ಅಲ್ಲಿ ಕೊರಿಯಾದಾಗ ಲಢಾಯಿ ನಡದೈತಿ, ಥಂಡಿ ಅಂದ್ರ ಉಗುಳಿದ್ರ ಉಗುಳ ಗಡ್ಡಿ ಕಟ್ಟತೈತಿ. ಅಮೆರಿಕಾದವ್ರು ಸಿಪಾಯಿಗಳಿಗೆ ಅಂತ ಜಗತ್ತಿನ ಉಣ್ಣಿ ಎಲ್ಲಾ ಬಳ್ಕೊಳ್ಳಾಕತ್ಯಾರ. ಈ ಸಲ ಹಟ್ಟಿದು ಅಷ್ಟೂ ನನಗ ಕೊಡ್ರಿ. ಕಂಬಳಿಗಂತ ಒಂದ ಹಿಡಿ ಸುದ್ದಾ ಇಟ್ಕೋಬ್ಯಾಡ್ರಿ. ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ. ನೀವ ಹೇಳಿದ ಭಾವಕ್ಕ ರೊಕ್ಕ ಎಣಸತೀನಿ."

ನಾ ಬಾಗಲಾಗ ನಿಂತಿದ್ನಿ, ಬಾಯಿ ಸುಮ್ಮ ಇರತೈತೇನು? "ಶೇಟಜಿ, ನಾಳೆ ಲಢಾಯಿ ನಿಂತ್ರ?" ಅಂದ್ನಿ. ಅತ್ತಿ ಹಿಂದಿಂದ ಹಿಂಗ ಚೂಟಿದ್ಲು. ಶೇಟ ನಕ್ಕ. "ಏ ತಂಗೀ, ಹಿಂದಿನ ಲಢಾಯ್ದಾಗ ರಶಿಯಾ, ಅಮೆರಿಕಾ ಒಂದ ತಾಟಿನ್ಯಾಗ ಉಂಡವ್ರು. ಈಗ ಒಬ್ರ ಮಾರಿ ಒಬ್ರು ನೋಡವಲ್ರು. ಅಂಥವ್ರ ಜಗಳ ಲಗೂನ ಮುಗಿತೈತೇನ?"

ಅವತ್ತ ನನಗ ತಿಳೀಬೇಕಿತ್ತು. ಅಷ್ಟ ಚಂದ ಹೇಳಿದಾಂವ ತನ್ನ ಸುದ್ದಿನ ಹೇಳಾಕತ್ತಾನ ಅಂತ.

ಮುತ್ಯಾ ಏನಂದ? "ಆತು, ಭಂಡಾರ ಎತ್ರಿ ಹಂಗಾರ." ನಮ್ಮ ಕುಲದೇವ್ರ ಬೀರೋಬಾನ ಮುಂದಿನ ಅರಿಶಿಣ, ಅದ ಭಂಡಾರ. ಮುಟಿಗ್ಯಾಗ ಹಿಡದು ಮಾತ ಕೊಟ್ರ ತೀರಿತು, ನಮ್ಮಲ್ಲಿ ಕರಾರ ಅಂದ್ರ ಅದ. ಅಣ್ಣತಮ್ಮರ ಜಗಳ, ಗಂಡಹೆಂಡ್ರ ಜಗಳ, ಕುರಿ ಕಳವು, ಎಲ್ಲಾ ಭಂಡಾರದ ಮ್ಯಾಲ ಬಗಿಹರೀತಾವ. ಭಂಡಾರ ಹಿಡದು ಸುಳ್ಳ ಹೇಳಿದಾಂವನ್ನ ನಾ ಅಲ್ಲೀತನಕ ಕಂಡೂ ಇಲ್ಲ, ಕೇಳೂ ಇಲ್ಲ. ಶೇಟ ಕಣ್ಣ ಸುದ್ದಾ ಪಿಳುಕಸಲಿಲ್ಲ. ಎತ್ತಿದ, ಹಣಿಗೂ ಹಚಗೊಂಡ, "ಕತ್ತರಸಿದ ಮ್ಯಾಲ ಬಂಡ್ಯಾಗ ಹೇರಿ ತರ್ರಿ" ಅಂದು ಮೋಟಾರ ಹತ್ತಿ ಹೋದ.

ಹೋದ ಮ್ಯಾಲ ಬಿಜಾಪುರ ಕಡಿಂದ ಒಬ್ಬ ವ್ಯಾಪಾರಿ ಬಂದ, ಪಾಪ, ಛಲೋ ಮನಷ್ಯಾ, ಛಲೋ ಭಾವ ಹೇಳಿದ. ಮುತ್ಯಾ ನೀರ ಕೊಟ್ಟು ಕಳಿಸಿದ. ಮಗ್ಗ ಸುಮ್ಮ ನಿಂತಿತು. ಮದವಿಗೆ ಕಂಬಳಿ ಕೇಳಾಕ ಬಂದವ್ರು ಬರಿಗೈಲೆ ಹೋದ್ರು, ಬ್ಯಾರೆ ಹಟ್ಟಿ ಹುಡುಕ್ಕೊಂಡ್ರು. ಅಷ್ಟೊತ್ತಿಗೆ ನಮ್ಮಪ್ಪ ಹೋಟಗಿಯಿಂದ ಬಂದ, ಗಾಡ್ಯಾಗ ಯಾರೋ ಬಿಟ್ಟ ಹೋದ ಪೇಪರ ತಂದಿದ್ದ. ನಾ ಓದಿದ್ನಿ: ಎರಡೂ ಕಡಿಯವ್ರು ಮಾತಿಗೆ ಕುಂತಾರಂತ, ಉಣ್ಣಿ ಭಾವ ಕುಸದೈತಂತ. "ಮಾವಾರ, ಇನ್ನರ ಬಿಜಾಪುರದಾಂವಗ ಹೇಳಿ ಕಳಸ್ರಿ" ಅಂದ್ನಿ. ಮುತ್ಯಾ ಏನ ಅಂದ ಗೊತ್ತೈತೇನು? "ಲಢಾಯಿ ನಿಂತ್ರ ಛಲೋನ ಆತಲ್ಲಬೇ, ಯಾರೋ ತಾಯಿ ಮಕ್ಕಳು ಮನಿಗೆ ಬರ್ತಾವ. ಅದಕ್ಕೂ ನಮ್ಮ ಭಂಡಾರಕ್ಕೂ ಏನ ಸಂಬಂಧ?" ಏನ ಹೇಳ್ತಿ ಇಂಥವರಿಗೆ? ಸಿಟ್ಟೂ ಬರ್ತೈತಿ, ಕಾಲಿಗೂ ಬೀಳಬೇಕನಸತೈತಿ.

ನಾನೂ ಮುತ್ಯಾನೂ ಬಂಡಿ ಹೂಡಿಕೊಂಡು ಸೊಲ್ಲಾಪುರಕ್ಕ ಹೋದ್ವಿ. ನೀ ನನ್ನ ತೊಡಿ ಮ್ಯಾಲ, ಉಣ್ಣಿ ನಮ್ಮ ಬೆನ್ನಿಗೆ. ನವಿ ಪೇಠದಾಗ ಶೇಟನ ಲೆಕ್ಕ ಬರಿಯೂ ಮುನೀಮ ಅಡ್ಡ ನಿಂತ: "ಶೇಟಜಿ ಮುಂಬಯಿಗೆ ಹೋಗ್ಯಾರ." ಅನ್ನೂದಕ್ಕೂ ಒಳಗ ಮೂಗಿಗೆ ತಪಕೀರ ಏರಿಸಿ ಶೇಟ ಸೀನೂದಕ್ಕೂ ಸರಿಹೋತು. "ಮುಂಬಯ್ಯಾಗ ಸೀನಿದ್ರ ಇಲ್ಲಿಗೆ ಕೇಳತೈತೇನ್ರಿ ಮುನೀಮರ?" ಅಂದು ಒಳಗ ಹೊಕ್ಕ ಬಿಟ್ನಿ. ಮುತ್ಯಾ ಪಾವಟಿಗಿ ಮ್ಯಾಲೇ ನಿಂತ.

ಶೇಟ ಗಾದಿ ಮ್ಯಾಲಿಂದ ಏಳಲೂ ಇಲ್ಲ. "ಕಾಕಾ, ಭಾವ ಬಿದ್ದೈತಿ, ನಾಇಲಾಜ ಐತಿ, ನನ್ನ ಕೈಯಾಗ ಏನಿಲ್ಲ. ಮಾಲ ತಿರುಗಿ ಒಯ್ರಿ."

ಮುತ್ಯಾ ಮೆಲ್ಲಕ "ಭಂಡಾರ ಎತ್ತೀರಿ, ಶೇಟಜಿ" ಅಂದ.

"ಅದು ನಿಮ್ಮ ದೇವ್ರು, ಕಾಕಾ. ನಮ್ಮ ಮನಿದೇವ್ರು ಬ್ಯಾರೆ. ನೀವು ಕೊಟ್ರಿ, ಮರ್ಯಾದಿಗೆ ಹಿಡಕೊಂಡ್ನಿ. ದೊಡ್ಡ ದೊಡ್ಡ ದೇಶದವ್ರ ಸಹಿ ಮಾಡಿದ ಕರಾರ ಮುರೀತಾರ, ನಮ್ಮದೇನ ಹಚ್ಚಿರಿ?"

ನನ್ನ ಮೈಯೆಲ್ಲಾ ಉರಿ ಎದ್ದಿತು. "ದೊಡ್ಡ ದೇಶದವ್ರು ನಮ್ಮ ಮನ್ಯಾಗ ರೊಟ್ಟಿ ಉಂಡಿಲ್ರಿ ಶೇಟಜಿ, ನೀವು ಉಂಡೀರಿ" ಅಂದ್ನಿ. ಅಂವ ಮಾರಿ ಆಕಡಿ ಮಾಡಿದ. ಮುತ್ಯಾ "ನಡಿಯವ್ವಾ" ಅಂದ. ಅಕ್ಕಲಕೋಟ ದಾಟಿದ ಮ್ಯಾಲ ಒಮ್ಮೆ ತನ್ನ ಅಂಗೈ ನೋಡ್ಕೊಂಡು "ಮತ್ತೊಬ್ಬನ ದೇವ್ರಂದ್ರ ಅಂಜಿಕಿ ಇರಂಗಿಲ್ಲೇನಬೇ?" ಅಂತ ಕೇಳಿದ.

ಹಟ್ಟಿ ಮಂದಿ ಬೈದಿದ್ರ ಛಲೋ ಇತ್ತು. ಬೈಲಿಲ್ಲ. ತಮ್ಮ ತಮ್ಮ ಉಣ್ಣಿ ಇಳಿಸಿಕೊಂಡು ಹೋದ್ರು. ಹೆಂಗಸ್ರು ಕೂಡಿ ನೂತ್ವಿ, ಸಿಕ್ಕಷ್ಟಕ್ಕ ಕಂಬಳಿ ಮಾರಿದ್ವಿ. ಲಢಾಯಿ ಅಂತೂ ಆಮ್ಯಾಲೂ ಬೇಕಾದಷ್ಟ ದಿನ ನಡೀತು, ನಮ್ಮ ಭಾವ ಮಾತ್ರ ತಿರುಗಿ ಬರಲಿಲ್ಲ. ಮುಂದಿನ ಸಲ ಕುರಿ ಕತ್ತರಸಿದಾಗ ಯಾರೂ ಮುತ್ಯಾನ ಮುಂದ ತಂದ ಇಡಲಿಲ್ಲ. ತಾವ ತಾವ ಪ್ಯಾಟಿಗೆ ಹೋದ್ರು. ಅವತ್ತಿಂದ ಪಂಚಾಯ್ತಿ ಕುಂತ್ರ ಮುತ್ಯಾ ಕಂಬದ ಹಿಂದ ಕುಂಡ್ರತಾನ. ನೀವು ನೋಡೀರಿ, ನಿಮಗ ಕಾರಣ ಗೊತ್ತಿರಲಿಲ್ಲ, ಇಷ್ಟ.

ಮೊನ್ನಿ ಬಂದಿದ್ನಲ್ಲ ಟೊಪಿಗಿ ಹಾಕ್ಕೊಂಡಾಂವ, ಅಂವ ಅದ ಮುನೀಮ. ಈಗ ಮಿಸರ ದೇಶದಾಗ ಹಡಗ ಹೋಗೂ ಕಾಲವಿ ಬಂದ್ ಆಗೈತಂತ, ಇಂಗ್ಲಂಡದವ್ರು ಕಾಲವಿ ಕಸ್ಕೊಳ್ಳಾಕ ಹೋದ್ರ ಅವ್ರ ಜೀವದ ಗೆಳೆಯ ಅಮೆರಿಕಾನ ಕಿವಿ ಹಿಂಡಿ ಹೊರಗ ಹಾಕಿತಂತ, ವಿಲಾಯತಿ ಮಾಲ ಬರವಲ್ದಂತ, ಮತ್ತ ನಮ್ಮ ಉಣ್ಣಿ ಬೇಕಾಗೈತಿ. "ಹಳೇ ದೋಸ್ತಿ ಐತಲ್ರಿ ಅಕ್ಕಾರ, ಅಷ್ಟೂ ನಮಗ ಇಡ್ರಿ, ಬೇಕಾರ ಭಂಡಾರ ಎತ್ತತೀನಿ" ಅಂದ. ಮುತ್ಯಾ ನನ್ನ ಮಾರಿ ನೋಡಿ "ನೀ ಹೇಳು" ಅಂದ. ನಾ ಅಂದ್ನಿ: "ಭಂಡಾರ ಮುಟ್ಟಬ್ಯಾಡ್ರಿ ಮುನೀಮರ. ನಮ್ಮ ಮಗ್ಗಕ್ಕ ಆಗಿ ಉಳದ್ರ ಕೊಡತೀವಿ, ರೊಕ್ಕ ತಂದು ಮಾಲ ಒಯ್ರಿ. ದೋಸ್ತಿ ನಿಮ್ಮ ಅಂಗಡ್ಯಾಗ ಇರಲಿ."

ತಿಳೀತಿಲ್ಲೋ? ಊಟಕ್ಕ ಯಾರರ ಕರದ್ರ ಹೋಗ್ರಿ, ಬ್ಯಾಡನ್ನಂಗಿಲ್ಲ. ಆದ್ರ ಮನ್ಯಾಗ ಹಿಟ್ಟ ನಾದಿ ಇಟ್ಟ ಹೋಗ್ರಿ. ಏಳ್ರಿ ಇನ್ನ, ಕುರಿ ಒದರಾಕತ್ತಾವ.